ನಾಲ್ಕೇ ಎಚ್‌ಪಿಯ ಮೆಟಲ್ ಸ್ಲೈಮ್ ಸಾಯುವುದಿಲ್ಲವೇಕೆ?

ದಾವಣಗೆರೆಯ ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಪ್ರಿಯ ಓದುಗರೇ,

ನೀವು ಫೋನಿನಲ್ಲಿ ಡ್ರ್ಯಾಗನ್ ಕ್ವೆಸ್ಟ್ 8 ಎಂಬ ಜಪಾನಿ ವಿಡಿಯೊ ಗೇಮ್ ಆಡುತ್ತಿದ್ದೀರಿ. ಅದರಲ್ಲಿ ಬರುವ ಲೋಹದ ಮೈಯ ಪುಟ್ಟ ರಾಕ್ಷಸ ಮೆಟಲ್ ಸ್ಲೈಮ್; ಅದಕ್ಕಿರುವ ಎಚ್‌ಪಿ, ಅಂದರೆ ಪ್ರಾಣದ ಅಂಕ, ನಾಲ್ಕೇ. ಬೇರೆ ರಾಕ್ಷಸರ ಮೇಲೆ ಒಂದೇ ಏಟಿಗೆ ನೂರು ದಾಟುವ ಕತ್ತಿ ಮೆಟಲ್ ಸ್ಲೈಮ್ ಮೇಲೆ ಬಿದ್ದಾಗ ಸೊನ್ನೆ ತೋರಿಸುತ್ತದೆ, ಹೆಚ್ಚೆಂದರೆ ಒಂದು. ಮಂತ್ರ ತಾಕುವುದೇ ಇಲ್ಲ. ಎರಡು ಏಟು ಬೀಳುವಷ್ಟರಲ್ಲಿ ಅದು ಓಡಿಹೋಗಿರುತ್ತದೆ. ಇದು ಆಟದ ದೋಷವೇ, ದೋಷವಲ್ಲದಿದ್ದರೆ ಅದನ್ನು ಹೊಡೆಯುವುದು ಹೇಗೆ, ಇಂಥ ಪ್ರಾಣಿಯನ್ನು ಸರಣಿಯ ಉದ್ದಕ್ಕೂ ಯಾಕೆ ಇಟ್ಟುಕೊಂಡು ಬಂದಿದ್ದಾರೆ ಎಂದು ಕೇಳಿದ್ದೀರಿ. ಇದು ಅನ್ಯಾಯ ಎಂದೂ ದೂರಿದ್ದೀರಿ. ಕೊನೆಯಲ್ಲಿ, ಲೆವೆಲ್ ಏರಿದಂತೆ ಸಿಗುವ, ಆಯುಧದ ವರಸೆ ಕಲಿಯಲು ಬಳಸುವ ಸ್ಕಿಲ್ ಪಾಯಿಂಟುಗಳಲ್ಲಿ ಕತ್ತಿಗೆ ಸುರಿದವೆಲ್ಲ ವ್ಯರ್ಥವಾದವೇ ಎಂಬ ಚಿಂತೆಯನ್ನೂ ಬರೆದಿದ್ದೀರಿ.

ದೋಷವಲ್ಲ, ಅದು ಲೆಕ್ಕ. ಈ ಸರಣಿಯ ಹೆಚ್ಚಿನ ಆಟಗಳಲ್ಲಿ ಮಾಮೂಲಿ ಏಟಿನ ಲೆಕ್ಕ ಸರಳವಾಗಿದೆ. ಹೊಡೆಯುವವರ ದಾಳಿಬಲದಲ್ಲಿ ಅರ್ಧ ತೆಗೆದುಕೊಳ್ಳಿ, ಅದರಿಂದ ಎದುರಾಳಿಯ ರಕ್ಷಣೆಯ ಕಾಲುಭಾಗ ಕಳೆಯಿರಿ. ಉಳಿದದ್ದೇ ಹಾನಿ, ಸ್ವಲ್ಪ ಆಚೀಚೆ. ದಾಳಿಬಲ 200, ರಕ್ಷಣೆ 100 ಇದ್ದರೆ ನೂರರಲ್ಲಿ 25 ಹೋಗಿ 75 ಉಳಿಯುತ್ತದೆ. ಮೆಟಲ್ ಸ್ಲೈಮಿಗೆ ಕೊಟ್ಟಿರುವ ರಕ್ಷಣೆ ಎಷ್ಟು ದೊಡ್ಡದೆಂದರೆ ಕಳೆದ ಮೇಲೆ ಏನೂ ಉಳಿಯುವುದಿಲ್ಲ. ಏನೂ ಉಳಿಯದಾಗ ಆಟ 0 ಮತ್ತು 1ರ ನಡುವೆ ಚೀಟಿ ಎತ್ತುತ್ತದೆ, ಅಷ್ಟೆ. ಹಾಗಾಗಿ ನಿಮ್ಮ ದಾಳಿಬಲ ಸ್ವಲ್ಪ ಹೆಚ್ಚಿದ್ದರೂ ಕಡಿಮೆಯಿದ್ದರೂ ಅದರ ಪಾಲಿಗೆ ಎರಡೂ ಒಂದೇ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎನ್ನುತ್ತೇವಲ್ಲ, ಈ ಗುಬ್ಬಿಗೆ ಬ್ರಹ್ಮಾಸ್ತ್ರವೂ ನಾಟುವುದಿಲ್ಲ.

ನಾಟುವುದು ಎರಡೇ. ಮೊದಲನೆಯದು ಏಟುಗಳ ಸಂಖ್ಯೆ: ಒಂದೊಂದು ಏಟಿಗೂ ಚೀಟಿ ಬೇರೆಬೇರೆಯಾಗಿ ಎತ್ತುವುದರಿಂದ, ಭಾರಿ ಏಟು ಒಂದಕ್ಕಿಂತ ಹಗುರ ಏಟು ನಾಲ್ಕು ಮೇಲು. ಎರಡನೆಯದು ಕ್ರಿಟಿಕಲ್ ಏಟು, ಅಂದರೆ ಅಪರೂಪಕ್ಕೆ ಅದೃಷ್ಟದಿಂದ ಬೀಳುವ ಭಾರಿ ಏಟು. ಅದು ರಕ್ಷಣೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವಾದ್ದರಿಂದ ನಾಲ್ಕು ಎಚ್‌ಪಿಯ ಜೀವ ಅಲ್ಲಿಗೆ ಮುಗಿಯಿತು. ನೀವು ಇಲ್ಲಿಯವರೆಗೆ ಕತ್ತಿಯ ಅಂಕಿ ನೋಡಿ ಆಯುಧ ಆರಿಸುತ್ತಿದ್ದಿರಿ. ಈ ಒಂದು ಪ್ರಾಣಿಗೆ ಆ ಅಂಕಿಯನ್ನು ಮರೆತುಬಿಡಬೇಕು.

ಈಗ ನಿಮ್ಮ ಆಟಕ್ಕೇ ಬರೋಣ. 8ರಲ್ಲಿ ಈ ಕುಟುಂಬದ ಮೂವರು ನಿಮಗೆ ಎದುರಾಗುತ್ತಾರೆ. ಮೆಟಲ್ ಸ್ಲೈಮ್: 4 ಎಚ್‌ಪಿ, ಕೊಂದರೆ 1350 ಅನುಭವದ ಅಂಕ (ಲೆವೆಲ್ ಏರುವುದು ಈ ಅಂಕ ಕೂಡಿದಾಗ). ಕರಗಿದ ಲೋಹ ನೆಲದ ಮೇಲೆ ಚೆಲ್ಲಿದಂತಿರುವ ಲಿಕ್ವಿಡ್ ಮೆಟಲ್ ಸ್ಲೈಮ್: 8 ಎಚ್‌ಪಿ, 10050 ಅಂಕ. ಕಿರೀಟ ತೊಟ್ಟ ಮೆಟಲ್ ಕಿಂಗ್: 20 ಎಚ್‌ಪಿ, 30010 ಅಂಕ. ಮೂವರಿಗೂ ಒಂದೇ ಉಪಾಯ ಹೂಡುವುದರಿಂದಲೇ ಹೆಚ್ಚಿನವರು ಸೋಲುತ್ತಾರೆ.

ಮೆಟಲ್ ಸ್ಲೈಮಿಗೆ ಖಚಿತವಾದ ಸಣ್ಣ ಏಟು ಸಾಕು. ನಾಯಕನ ಕತ್ತಿ ವಿಭಾಗದಲ್ಲಿ ಬರುವ ಮೆಟಲ್ ಸ್ಲ್ಯಾಶ್ ಲೋಹದ ಮೈಗೆ 1 ಅಥವಾ 2 ಹಾನಿ ಮಾಡುತ್ತದೆ. ನಾಯಕನ ಸಂಗಾತಿಗಳು ಮೂವರು: ಏಂಜೆಲೋ, ಜೆಸಿಕಾ, ಯಾಂಗಸ್. ಏಂಜೆಲೋ ಕತ್ತಿ ಹಿಡಿದಿದ್ದರೆ ಅವನಿಗೂ ಅದು ಸಿಗುತ್ತದೆ. ನಾಯಕ, ಏಂಜೆಲೋ ಇಬ್ಬರೂ ಹೊಡೆದರೆ ಎರಡರಿಂದ ನಾಲ್ಕು. ಜೆಸಿಕಾ ಕೈಗೆ ಚಾಟಿಯ ಬದಲು ಪಾಯ್ಸನ್ ನೀಡಲ್ ಕೊಡಿ. ಹೆಸರೇ ಹೇಳುವಂತೆ ಅದು ವಿಷದ ಸೂಜಿ. ಎಂಥ ರಕ್ಷಣೆಯಿದ್ದರೂ 1 ಹಾನಿ ಮಾಡುತ್ತದೆ, ಕೆಲವೊಮ್ಮೆ ಮರ್ಮಕ್ಕೆ ಚುಚ್ಚಿ ಒಂದೇ ಏಟಿಗೆ ಕೊಲ್ಲುತ್ತದೆ. ಅಲ್ಲಿಗೆ ಮೂರರಿಂದ ಐದಾಯಿತು. ಸ್ಲೈಮ್ ಪಕ್ಕಕ್ಕೆ ಸರಿದು ಏಟು ತಪ್ಪಿಸಿಕೊಳ್ಳದಿದ್ದರೆ ಒಂದೇ ಸುತ್ತಿನಲ್ಲಿ ಕೆಲಸ ಆಗುವ ಸಾಧ್ಯತೆ ಚೆನ್ನಾಗಿದೆ, ಯಾಂಗಸ್‌ನ ಕೊಡಲಿಯನ್ನು ಇನ್ನೂ ಎಣಿಸಿಯೇ ಇಲ್ಲ. ಫಾಲ್ಕನ್ ಬ್ಲೇಡ್ ನಿಮ್ಮಲ್ಲಿದ್ದರೆ ಅದನ್ನು ಹಿಡಿದು ಫಾಲ್ಕನ್ ಸ್ಲ್ಯಾಶ್ ಬಳಸಿ; ಎರಡು ಏಟಿನ ಕತ್ತಿ, ಎರಡು ಏಟಿನ ವರಸೆ, ಒಟ್ಟು ನಾಲ್ಕು ಚೀಟಿ. ಆ ಕತ್ತಿಯ ದಾಳಿಬಲ ಕಡಿಮೆ ಎಂದು ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಈಗಲೇ ಹೊರತೆಗೆಯಿರಿ.

ಲಿಕ್ವಿಡ್ ಮೆಟಲ್ ಮತ್ತು ಕಿಂಗ್ ವಿಷಯ ಬೇರೆ. ಎಂಟನ್ನೋ ಇಪ್ಪತ್ತನ್ನೋ ಒಂದೊಂದಾಗಿ ಕಳೆಯುತ್ತ ಕೂರುವಷ್ಟು ಹೊತ್ತು ಅವು ನಿಲ್ಲುವುದಿಲ್ಲ. ಇಲ್ಲಿ ಬೇಕಾದದ್ದು ನಾಯಕನ ಈಟಿ ವಿಭಾಗದ ಥಂಡರ್ ಥ್ರಸ್ಟ್, ಯಾಂಗಸ್‌ನ ಕೊಡಲಿ ವಿಭಾಗದ ಹ್ಯಾಚೆಟ್ ಮ್ಯಾನ್. ಎರಡರಲ್ಲಿ ಯಾವುದೇ ಆಗಲಿ, ಬಿದ್ದರೆ ಕ್ರಿಟಿಕಲ್, ಇಲ್ಲವಾದರೆ ಪೂರ್ತಿ ಗುರಿ ತಪ್ಪುತ್ತದೆ, ಹೆಚ್ಚುಕಡಿಮೆ ಅರ್ಧಕ್ಕರ್ಧ. ಇಬ್ಬರೂ ಒಂದೇ ಕಿಂಗ್ ಮೇಲೆ ಬೀಸಿದರೆ ಇಬ್ಬರೂ ತಪ್ಪುವುದು ನಾಲ್ಕರಲ್ಲಿ ಒಂದು ಸಲ. ಅಂದರೆ ನಿಮ್ಮ ಸರದಿ ಬರುವವರೆಗೆ ಅದು ನಿಂತಿದ್ದರೆ ನಾಲ್ಕರಲ್ಲಿ ಮೂರು ಸಲ ಅದು ನಿಮ್ಮದೇ.

ಎಡವುವುದು ಎಲ್ಲಿ ಎಂದರೆ, ಮೆಟಲ್ ಸ್ಲೈಮಿಗೆ ಇನ್ನು ಒಂದೇ ಎಚ್‌ಪಿ ಉಳಿದಿರುವಾಗಲೂ ಥಂಡರ್ ಥ್ರಸ್ಟ್ ಬೀಸುವುದರಲ್ಲಿ. ಒಂದೇ ಒಂದು ಹಾನಿ ಸಾಕಾಗಿರುವಾಗ ಅರ್ಧ ಸಲ ಸೊನ್ನೆ ಬರುವ ವರಸೆ ಯಾಕೆ? ಆಗ ಮೆಟಲ್ ಸ್ಲ್ಯಾಶ್, ಅಥವಾ ಸೂಜಿ. ಇನ್ನೊಂದು, ಮೊದಲ ಸುತ್ತನ್ನು ತಯಾರಿಗೆ ಕಳೆಯುವುದು. ಶಕ್ತಿ ಹೆಚ್ಚಿಸುವ ಮಂತ್ರ, ಟೆನ್ಷನ್ ಏರಿಸುವುದು (ಸರದಿ ಬಿಟ್ಟುಕೊಟ್ಟು ಮುಂದಿನ ಏಟಿಗೆ ಬಲ ಕೂಡಿಸುವುದು), ನಿದ್ದೆ ಬರಿಸುವ ಪ್ರಯತ್ನ ಯಾವುದೂ ಬೇಡ. ಈ ಲೋಹದ ಪ್ರಾಣಿಗಳ ವೇಗ ಬಹಳ ಹೆಚ್ಚು, ಪ್ರತಿ ಸುತ್ತಿನಲ್ಲೂ ಸಾಮಾನ್ಯವಾಗಿ ಮೊದಲ ಸರದಿ ಅವುಗಳದ್ದೇ, ಆ ಸರದಿಯಲ್ಲಿ ಓಡಿಹೋಗುವುದೂ ಅವುಗಳ ಪಟ್ಟಿಯಲ್ಲಿದೆ. ನೀವು ಕಳೆದ ಒಂದೊಂದು ಸುತ್ತೂ ಅವುಗಳಿಗೆ ಸಿಕ್ಕ ಇನ್ನೊಂದು ಬಾಗಿಲು. ಬೇರೆ ರಾಕ್ಷಸರ ಜೊತೆ ಬೆರೆತು ಬಂದಾಗ ಉಳಿದವರ ಏಟು ತಿಂದರೂ ಸರಿ, ಮೊದಲು ಲೋಹದ್ದನ್ನೇ ಹೊಡೆಯಿರಿ; ಓಡಿಹೋದದ್ದಕ್ಕೆ ಅಂಕ ಸಿಗುವುದಿಲ್ಲ. ಸಂಗಾತಿಗಳ ತಂತ್ರವನ್ನು 'ಫಾಲೋ ಆರ್ಡರ್ಸ್'ಗೆ ಬದಲಿಸಿ ಪ್ರತಿಯೊಬ್ಬರಿಗೂ ನೀವೇ ಹೇಳಿ. ಯಾರ ಕೈಯಲ್ಲಿ ಯಾವ ವರಸೆ ಎಂಬುದರ ಮೇಲೇ ಎಲ್ಲ ನಿಂತಿರುವಾಗ ಅದನ್ನು ಯಂತ್ರದ ಪಾಲಿಗೆ ಬಿಡಬಾರದು.

ಹುಡುಕುವುದಕ್ಕೆ ಯಾಂಗಸ್‌ನ ಸಿಳ್ಳೆ ಬಳಸಿ. ನಡೆದಾಡದೆ ನಿಂತಲ್ಲೇ ಕಾಳಗ ಕರೆಯಬಹುದು. ಕಥೆ ಮುಗಿದ ಮೇಲೆ ತೆರೆಯುವ ಡ್ರಾಗೋವಿಯನ್ ದಾರಿಯಲ್ಲಿ ಮೆಟಲ್ ಕಿಂಗ್ ಸಿಗುತ್ತದೆ. ಕೊನೆಯ ಲೆವೆಲ್ಲುಗಳನ್ನು ಏರಲು ಜನ ನಿಲ್ಲುವುದು ಅಲ್ಲೇ.

ಇನ್ನು, ಯಾಕೆ ಇಟ್ಟುಕೊಂಡರು ಎಂಬ ಪ್ರಶ್ನೆ. ಪತ್ರದಲ್ಲಿ ನಮಗೆ ಬಹಳ ಹಿಡಿಸಿದ್ದು ಇದೇ. ಇದಕ್ಕೆ ಸರಣಿಯ ಹುಟ್ಟಿಗೇ ಹೋಗಬೇಕು.

ಮೊದಲ ಡ್ರ್ಯಾಗನ್ ಕ್ವೆಸ್ಟ್ ಜಪಾನಿನಲ್ಲಿ 1986ರ ಮೇ 27ರಂದು ನಿಂಟೆಂಡೊದ ಫ್ಯಾಮಿಕಾಮ್ ಎಂಬ ಆಟದ ಯಂತ್ರಕ್ಕೆ ಬಂತು. ಇಡೀ ಆಟ 64 ಕಿಲೋಬೈಟಿನ ಕ್ಯಾಸೆಟ್ಟಿನಲ್ಲಿ ಹಿಡಿಸಬೇಕಿತ್ತು. ಇಂದು ಫೋನಿನಲ್ಲಿ ತೆಗೆದ ಒಂದು ಫೋಟೋ ಅದರ ಹತ್ತಾರು ಪಟ್ಟು ಇರುತ್ತದೆ. ಆಟದ ಕರ್ತೃ ಯೂಜಿ ಹೋರಿಯಿ ಗೀಚಿ ಕೊಟ್ಟ ಸ್ಲೈಮ್ ಬರೀ ಲೋಳೆಯ ಗುಪ್ಪೆಯಾಗಿತ್ತು. ಚಿತ್ರಕಾರ ಅಕಿರಾ ತೋರಿಯಾಮಾ ಅದನ್ನು ತುದಿ ಚೂಪಾದ ನೀರ ಹನಿಯಾಗಿಸಿ, ಎರಡು ಕಣ್ಣು ಕೊಟ್ಟು, ಬಾಯಗಲ ನಗಿಸಿದರು. ಆ ಹನಿ ಸರಣಿಗೇ ಲಾಂಛನವಾಯಿತು. ಮೆಟಲ್ ಸ್ಲೈಮಿಗೆ ಹೊಸ ಚಿತ್ರವನ್ನೇ ಬರೆಯಬೇಕಾಗಲಿಲ್ಲ. ಅದೇ ಹನಿ, ಬಣ್ಣ ಮಾತ್ರ ಬೇರೆ. ಬದಲಾದದ್ದು ಅಂಕಿಗಳು: 4 ಎಚ್‌ಪಿ, ರಕ್ಷಣೆ 255. ಒಂದು ಬೈಟಿನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ ಅದು. ಜಾಗವೇ ಇಲ್ಲದ ಕಡೆ ಎರಡು ಅಂಕಿ ತಿದ್ದಿ ಹೊಸದೊಂದು ಜೀವ ಸೃಷ್ಟಿಸಿದ್ದು ಈ ಸರಣಿಯ ಅತ್ಯಂತ ಜಾಣ ಕೆಲಸಗಳಲ್ಲಿ ಒಂದು ಎಂದೇ ನಮ್ಮ ಅಭಿಪ್ರಾಯ.

ಅದರ ಅಗತ್ಯವೂ ಇತ್ತು. ಕೈಚಳಕ ಇಲ್ಲದವರೂ ತಾಳ್ಮೆಯಿಂದ ಲೆವೆಲ್ ಏರಿಸಿ ಗೆಲ್ಲಬಹುದು ಎಂಬುದು ಈ ಆಟದ ತಳಹದಿ. ಆದರೆ ತಾಳ್ಮೆಗೂ ಮಿತಿಯಿದೆ. ಮೊದಲ ಆಟದಲ್ಲಿ ಕೊನೆಯ, ಅಂದರೆ ಮೂವತ್ತನೆಯ ಲೆವೆಲ್ಲಿಗೆ 65535 ಅಂಕ ಬೇಕು. ನೀಲಿ ಸ್ಲೈಮ್ ಕೊಡುವುದು 1 ಅಂಕ, ಮೆಟಲ್ ಸ್ಲೈಮ್ 115. ಬೇಸರ ತರಿಸುವ ದುಡಿಮೆಯ ನಡುವೆ, ಮುಂದಿನ ಕಾಳಗದಲ್ಲಿ ಅದು ಎದ್ದು ಬರಬಹುದು ಎಂಬ ಆಸೆ ಆಟಗಾರರನ್ನು ಇನ್ನೊಂದು ಹತ್ತು ನಿಮಿಷ ಕೂರಿಸುತ್ತದೆ. ಓಡಿಹೋದರೂ ಅದು ನಿಮ್ಮಿಂದ ಏನನ್ನೂ ಕಸಿದುಕೊಂಡು ಹೋಗುವುದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಸಂಕಟ ನಿಜ, ಆದರೆ ನಿಮ್ಮ ಗಂಟೇನೂ ಹೋಗಿಲ್ಲ. ಅನ್ಯಾಯ ಎಂದು ನೀವು ಬರೆದ ಮಾತನ್ನು ಅದಕ್ಕಾಗಿ ನಾವು ಒಪ್ಪುವುದಿಲ್ಲ.

ಎರಡನೆಯ ಆಟದಲ್ಲಿ ಲಿಕ್ವಿಡ್ ಮೆಟಲ್ ಬಂತು. ಜಪಾನಿಯಲ್ಲಿ ಅದರ ಹೆಸರು ಹಗುರೆ ಮೆಟಾರು. 'ಹಗುರೆ' ಎಂದರೆ ಗುಂಪಿನಿಂದ ದಾರಿ ತಪ್ಪಿದ್ದು, ಹಿಂಡಗಲಿದ್ದು. ಇಂಗ್ಲಿಷಿನ ಹೆಸರಿನಲ್ಲಿ ಈ ಒಂಟಿತನ ಕಳೆದುಹೋಗಿರುವುದು ನಮಗೆ ಬೇಸರದ ವಿಷಯ. ಕಿಂಗ್ ಬಂದದ್ದು 1990ರ ನಾಲ್ಕನೆಯ ಆಟದಲ್ಲಿ.

ಆದರೆ ಈ ಪ್ರಾಣಿಯ ಗುಣ ಪೂರ್ತಿ ಅರಳಿದ್ದು 1988ರ ಮೂರನೆಯದರಲ್ಲಿ. ಅಲ್ಲಿ ಹಗುರೆ ಮೆಟಾರುಗೆ 40200 ಅಂಕ, ಬದುಕಿರುವ ಸದಸ್ಯರ ನಡುವೆ ಸಮನಾಗಿ ಹಂಚಿಕೆ. ನಾಲ್ವರಿದ್ದರೆ ತಲಾ 10050. ಒಬ್ಬರೇ ಬದುಕಿದ್ದರೆ ಪೂರ್ತಿ ಅವರಿಗೇ. ಅದೇ ಆಟದ ಧರ್ಮ ದೇವಾಲಯದಲ್ಲಿ ಇಪ್ಪತ್ತನೆಯ ಲೆವೆಲ್ ಮುಟ್ಟಿದವರು ವೃತ್ತಿ ಬದಲಿಸಬಹುದು, ಆದರೆ ಮತ್ತೆ ಒಂದನೆಯ ಲೆವೆಲ್ಲಿನಿಂದ, ಅರ್ಧಕ್ಕಿಳಿದ ಶಕ್ತಿಯಲ್ಲಿ ಶುರು. ಹಾಗೆ ಕೆಳಗಿಳಿದವರನ್ನು ಬೇಗ ಮೇಲೆತ್ತುವುದು ಈ ಲೋಹದ ಹನಿಯೇ. ಅದನ್ನು ಹೊಡೆಯಬಲ್ಲವರು ಯಾರು ನೋಡಿ. ತಂಡದ ಬಲಶಾಲಿ ಯೋಧ ನಿಂತು ಸೊನ್ನೆ ಎಣಿಸುತ್ತಾನೆ. ಮೈಯಲ್ಲಿ ಕಸುವಿಲ್ಲದ ಮಂತ್ರವಾದಿ ವಿಷದ ಸೂಜಿ ಹಿಡಿದು ಒಂದೊಂದೇ ಎಚ್‌ಪಿ ಖಚಿತವಾಗಿ ಕಳೆಯುತ್ತಾನೆ. ಮಲ್ಲನ ಕ್ರಿಟಿಕಲ್ ಸಾಧ್ಯತೆ ಅವನ ಲೆವೆಲ್ಲನ್ನು 256ರಿಂದ ಭಾಗಿಸಿದಷ್ಟು, ಅಂದರೆ 64ನೆಯ ಲೆವೆಲ್ಲಿನಲ್ಲಿ ನಾಲ್ಕಕ್ಕೊಂದು. ಇನ್ನೂ ಮುಂದೆ ಹೋದರೆ ಅದೇ ಮಂತ್ರವಾದಿ ಡ್ರಾಗೋರಾಮ್ ಎಂಬ ಮಂತ್ರ ಹೇಳಿ ತಾನೇ ಡ್ರ್ಯಾಗನ್ ಆಗುತ್ತಾನೆ. ಅವನು ಉಗುಳುವ ಬೆಂಕಿ ಮಂತ್ರದ ಲೆಕ್ಕಕ್ಕೆ ಬರುವುದಿಲ್ಲ, ಉಸಿರಿನ ಲೆಕ್ಕಕ್ಕೆ ಬರುತ್ತದೆ. ಮಂತ್ರಕ್ಕೆ ಮುಚ್ಚಿದ ಮೈ ಉಸಿರಿಗೆ ತೆರೆದೇ ಇದೆ. ರಿಮುಲ್ದಾರ್ ಪಟ್ಟಣದ ಸುತ್ತ ಗುಂಪಾಗಿ ಬರುವ ಹಗುರೆ ಮೆಟಾರುಗಳನ್ನು ಜಪಾನಿನ ಆಟಗಾರರು ಸುಟ್ಟದ್ದು ಹೀಗೆ. ತೊಡಕು ಒಂದೇ: ರೂಪ ಬದಲಿಸಲು ಒಂದು ಸರದಿ ಹೋಗುತ್ತದೆ, ಅಷ್ಟರಲ್ಲಿ ಕೆಲವು ಪಾರಾಗುತ್ತವೆ. ಉಳಿದವು ಒಟ್ಟಿಗೆ ಬೀಳುವುದರಿಂದ ನಷ್ಟ ತುಂಬಿಕೊಡುತ್ತದೆ.

ಐದನೆಯದರಲ್ಲಿ ರಾಕ್ಷಸರು ಸೋತು ಸಂಗಾತಿಗಳಾಗಬಹುದು. ಲಿಕ್ವಿಡ್ ಮೆಟಲ್ ಹಾಗೆ ಬರುವ ಸಾಧ್ಯತೆ 256ರಲ್ಲಿ ಒಂದು. 2009ರ ಒಂಬತ್ತನೆಯದರಲ್ಲಿ ಕಿಂಗ್‌ಗೆ 120040 ಅಂಕ. ಹದಿನೈದನೆಯ ಮಹಡಿಯಲ್ಲಿ ಮೆಟಲ್ ಕಿಂಗ್ ಬಿಟ್ಟರೆ ಬೇರೇನೂ ಎದುರಾಗದ ಗುಹೆಯೊಂದಕ್ಕೆ ದಾರಿ ತೋರುವ ನಿಧಿನಕ್ಷೆಯೊಂದು ಆ ವರ್ಷ ಒಬ್ಬ ಆಟಗಾರನಿಗೆ ಸಿಕ್ಕಿತು. ನಿಂಟೆಂಡೊ ಡಿಎಸ್ ಯಂತ್ರಗಳು ಹತ್ತಿರ ಬಂದಾಗ ತಾವೇ ನಕ್ಷೆ ಹಂಚಿಕೊಳ್ಳುವ ಸೌಲಭ್ಯ ಆ ಆಟದಲ್ಲಿತ್ತು. ಟೋಕಿಯೋದ ಅಕಿಹಾಬಾರಾದಲ್ಲಿ ಜನ ಯಂತ್ರ ಹಿಡಿದು ಗುಂಪುಗುಂಪಾಗಿ ನಿಂತರು, ನಕ್ಷೆ ಕೈಯಿಂದ ಕೈಗೆ ಜಪಾನಿನ ತುಂಬ ಹರಡಿತು.

ಕೊನೆಗೆ ಕತ್ತಿಯ ಪಾಯಿಂಟು. 8ರಲ್ಲಿ ಹಾಕಿದ ಪಾಯಿಂಟನ್ನು ಹಿಂದಕ್ಕೆ ಪಡೆಯಲಾಗದು, ನಿಜ. ಆದರೆ ಒಂದು ವಿಭಾಗಕ್ಕೆ ಹಿಡಿಯುವುದು ನೂರೇ, ಮುಂದಿನ ಲೆವೆಲ್ಲುಗಳಲ್ಲಿ ಇನ್ನೂ ಬರುತ್ತವೆ. ನಾಯಕ ಮೆಟಲ್ ಸ್ಲ್ಯಾಶ್ ಕಲಿತಿದ್ದರೆ ಕತ್ತಿಯನ್ನು ಅಲ್ಲಿಗೇ ನಿಲ್ಲಿಸಿ, ಥಂಡರ್ ಥ್ರಸ್ಟ್ ಸಿಗುವವರೆಗೆ ಬರುವುದನ್ನೆಲ್ಲ ಈಟಿಗೆ ಹಾಕಿ. ಯಾಂಗಸ್ ಸಿಳ್ಳೆ ಕಲಿತ ಮೇಲೆ ಅವನ ಪಾಯಿಂಟನ್ನು ಕೊಡಲಿ ಬಿಟ್ಟು ಬೇರೆಲ್ಲೂ ಹಂಚಬೇಡಿ. ಕಾಳಗದ ನಡುವೆಯೂ ಆಯುಧ ಬದಲಿಸಲು ಬರುತ್ತದೆ, ಹಾಗಾಗಿ ನಾಯಕನ ಚೀಲದಲ್ಲಿ ಕತ್ತಿ, ಈಟಿ ಎರಡೂ ಇರಲಿ. ಲಿಕ್ವಿಡ್ ಮೆಟಲ್ ಕಂಡರೆ ಈಟಿ. ಮೆಟಲ್ ಸ್ಲೈಮಿನ ಕೊನೆಯ ಎಚ್‌ಪಿಗೆ ಕತ್ತಿ.

— ಸಂಪಾದಕರು