ಐದು ಲೀಟರಿನ ಪೆಟ್ಟಿಗೆ, ಎರಡೂವರೆ ಲಕ್ಷ ರೂಪಾಯಿ

(ಮೈಸೂರಿನ ಓದುಗರೊಬ್ಬರ ಪತ್ರದ ಸಾರ: “ನಿವೃತ್ತಿಯ ನಂತರ ಮನೆಯಲ್ಲಿ ಕುಳಿತು ಸಂಗೀತ ಕೇಳಲೆಂದು ಮಗ ಸ್ಪೀಕರ್ ಕೊಡಿಸುತ್ತೇನೆ ಎನ್ನುತ್ತಿದ್ದಾನೆ. ನನ್ನ ಕೋಣೆ 10 ಅಡಿಗೆ 12 ಅಡಿ. ಕೇಳುವುದು ಹೆಚ್ಚಾಗಿ ವೀಣೆ ಮತ್ತು ಗಾಯನ. ಅವನು ನೋಡಿರುವ ಸಣ್ಣ ಸ್ಪೀಕರ್ ಜೋಡಿಯ ಬೆಲೆ ಎರಡೂವರೆ ಲಕ್ಷ ರೂಪಾಯಿ. ತಿಳಿದವರೊಬ್ಬರು ಇಷ್ಟು ಸಹಜವಾದ ಕಂಠ ಬೇರೆಲ್ಲೂ ಸಿಗದು ಎನ್ನುತ್ತಾರೆ. ಅಷ್ಟೇ ತಿಳಿದ ಇನ್ನೊಬ್ಬರು ಅಷ್ಟು ಪುಟ್ಟ ಪೆಟ್ಟಿಗೆಗೆ ಅಷ್ಟು ದುಡ್ಡು ಸುರಿಯುವುದು ತಿಳಿದೂ ತಿಳಿದೂ ಮೋಸ ಹೋದಂತೆ ಎನ್ನುತ್ತಾರೆ. ನಿಮ್ಮ ಪತ್ರಿಕೆಯೂ ಇಂಥದೊಂದು ಸ್ಪೀಕರಿಗೆ ‘ಗಾತ್ರವನ್ನು ಮೀರಿದ ಬಾಸ್’, ಅಂದರೆ ತಗ್ಗಿನ ಸ್ವರಗಳ ಬಲ, ಇದೆ ಎಂದು ಬರೆದಿತ್ತು. ಯಾರ ಮಾತು ನಂಬಲಿ?”)

ಮಾನ್ಯರೇ,

ನಿಮ್ಮ ಪತ್ರದ ಕೊನೆಯ ಭಾಗಕ್ಕೆ ಮೊದಲು ಉತ್ತರ ಕೊಡಬೇಕು, ಏಕೆಂದರೆ ಅಲ್ಲಿ ತಪ್ಪು ನಮ್ಮದು. ‘ಗಾತ್ರವನ್ನು ಮೀರಿದ ಬಾಸ್’ ಎಂದು ಬರೆದಾಗ ಅದನ್ನು ಎಷ್ಟು ದೊಡ್ಡ ಕೋಣೆಯಲ್ಲಿ, ಗೋಡೆಯಿಂದ ಎಷ್ಟು ದೂರದಲ್ಲಿಟ್ಟು, ಯಾವ ಸಂಗೀತ ಹಾಕಿ ಕೇಳಿದೆವು ಎಂಬುದನ್ನು ನಾವು ಬರೆಯಲಿಲ್ಲ. ಸಣ್ಣ ಸ್ಪೀಕರಿನ ವಿಷಯದಲ್ಲಿ ಈ ವಿವರಗಳಿಲ್ಲದ ಅಭಿಪ್ರಾಯ ಅರ್ಧ ಅಭಿಪ್ರಾಯ. ನಿಮ್ಮ ಇಬ್ಬರು ಪರಿಚಿತರೂ ಬಹುಶಃ ನಿಜವನ್ನೇ ಹೇಳುತ್ತಿದ್ದಾರೆ, ಆದರೆ ಇಬ್ಬರೂ ತಾವು ಎಲ್ಲಿ ಕುಳಿತು ಕೇಳಿದರೆಂಬುದನ್ನು ನಿಮಗೆ ಹೇಳಿಲ್ಲ.

ಸ್ಪೀಕರ್ ಕಟ್ಟುವವರ ನಡುವೆ ಹಾಫ್‌ಮನ್ನರ ನಿಯಮ ಎಂಬ ಮಾತೊಂದಿದೆ. ಅಮೆರಿಕದ ಕೆಎಲ್‌ಎಚ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾಗಿದ್ದ ಆಂಟನ್ ಹಾಫ್‌ಮನ್ನರ ಹೆಸರು ಅದಕ್ಕೆ ಬಂದಿದೆ. ಪೆಟ್ಟಿಗೆ ಪುಟ್ಟದಾಗಿರಬೇಕು, ತಗ್ಗಿನ ಸ್ವರಗಳು ಆಳಕ್ಕೆ ಇಳಿಯಬೇಕು, ಕಡಿಮೆ ಶಕ್ತಿಗೇ ಜೋರಾಗಿ ನುಡಿಯಬೇಕು ಎಂಬ ಮೂರು ಆಸೆಗಳಲ್ಲಿ ಎರಡನ್ನು ಪಡೆಯಬಹುದು, ಮೂರನೆಯದನ್ನು ಬಿಟ್ಟುಕೊಡಲೇಬೇಕು ಎಂಬುದು ಅದರ ತಿರುಳು. ಒಂದೇ ಅಗಲದ ಕೋನು (ಸ್ಪೀಕರಿನಲ್ಲಿ ಅದುರಿ ಸದ್ದು ಹೊಮ್ಮಿಸುವ ಭಾಗ) 80 ಹರ್ಟ್ಸ್, ಅಂದರೆ ಸೆಕೆಂಡಿಗೆ 80 ಸಲ ಅದುರುವ, ಸ್ವರವನ್ನು ನುಡಿಸುವಷ್ಟೇ ಜೋರಾಗಿ 40 ಹರ್ಟ್ಸ್ ಸ್ವರವನ್ನು ನುಡಿಸಬೇಕಾದರೆ ನಾಲ್ಕು ಪಟ್ಟು ಹಿಂದೆ ಮುಂದೆ ಓಡಾಡಬೇಕು. ಸಣ್ಣ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡ ಗಾಳಿಯೂ ಬಿಗಿ ಸ್ಪ್ರಿಂಗಿನಂತೆ ಅದನ್ನು ತಡೆಯುತ್ತದೆ. ಎಷ್ಟು ಲಕ್ಷ ಕೊಟ್ಟರೂ ಈ ಲೆಕ್ಕ ಬದಲಾಗುವುದಿಲ್ಲ. ಹಾಗಾಗಿ ಒಳ್ಳೆಯ ಸಣ್ಣ ಸ್ಪೀಕರ್ ರೂಪಿಸುವವರ ಜಾಣತನವೆಲ್ಲ ಏನನ್ನು ಬಿಡಬೇಕು, ಬಿಟ್ಟದ್ದು ಕಿವಿಗೆ ಕೊರತೆಯಾಗಿ ಕಾಣದಂತೆ ಉಳಿದದ್ದನ್ನು ಹೇಗೆ ಹೊಂದಿಸಬೇಕು ಎಂಬುದರಲ್ಲಿದೆ.

ಇದಕ್ಕೆ ಬಿಬಿಸಿಯ ಎಲ್‌ಎಸ್ 3/5ಎ ಸ್ಪೀಕರಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1970ರ ದಶಕದಲ್ಲಿ ಬಿಬಿಸಿಯ ಸಂಶೋಧನಾ ವಿಭಾಗದವರು ಕಟ್ಟಲಿರುವ ಸ್ಟುಡಿಯೊಗಳ ಎಂಟನೇ ಒಂದು ಅಳತೆಯ ಮಾದರಿಗಳನ್ನು ಮಾಡಿ, ಅವುಗಳೊಳಗೆ ಸದ್ದು ಹೇಗೆ ಹರಡುತ್ತದೆಂದು ಪರೀಕ್ಷಿಸುತ್ತಿದ್ದರು. ಆ ಕೆಲಸಕ್ಕಾಗಿ ರೂಪುಗೊಂಡ ಸಣ್ಣ ಸ್ಪೀಕರಿನಿಂದ ಇದು ಬೆಳೆಯಿತು. ಹೊರಾಂಗಣ ಪ್ರಸಾರದ ವ್ಯಾನಿನಲ್ಲಿ ದೊಡ್ಡ ಸ್ಪೀಕರ್ ಇಡಲು ಜಾಗವಿರಲಿಲ್ಲ, ಇಡೀ ದಿನ ಹೆಡ್‌ಫೋನ್ ಹಾಕಿಕೊಂಡು ಸದ್ದಿನ ಗುಣವನ್ನು ತೂಗುವುದೂ ಕಷ್ಟ. ಆ ಇಕ್ಕಟ್ಟಿನಲ್ಲಿ, ಮುಖಕ್ಕೆ ಒಂದು ಮೀಟರಿನಷ್ಟು ಹತ್ತಿರವಿಟ್ಟು, ಮುಖ್ಯವಾಗಿ ಮನುಷ್ಯರ ಮಾತನ್ನು ಪರೀಕ್ಷಿಸಲು ಮಾಡಿದ ಸಾಧನ ಇದು. ಎತ್ತರ ಸುಮಾರು 30 ಸೆಂಟಿಮೀಟರ್, ಅಗಲ 19, ಆಳ 16. ಒಳಗಿನ ಗಾಳಿ ಐದು ಲೀಟರಿನ ಆಸುಪಾಸು. ಕೆಫ್ ಕಂಪನಿಯ ತಗ್ಗಿನ ಸ್ವರಗಳ ಬಿ110 ವೂಫರ್ ಮತ್ತು ಮೇಲಿನ ಸ್ವರಗಳ ಟಿ27 ಟ್ವೀಟರ್ ಅದರಲ್ಲಿದ್ದವು. ಪರಿಚಿತ ವ್ಯಕ್ತಿಯ ದನಿಯನ್ನು ಸ್ಟುಡಿಯೊದಲ್ಲಿ ನೇರವಾಗಿ ಕೇಳಿ, ಮರುಕ್ಷಣವೇ ಅದನ್ನು ಸ್ಪೀಕರಿನಲ್ಲಿ ಕೇಳಿ ಹೋಲಿಸುವ ಪದ್ಧತಿ ಬಿಬಿಸಿಯಲ್ಲಿತ್ತು. ಸದ್ದಿನ ಗುಣದ ಹಿಂದೆ ಬಿದ್ದ ಆಡಿಯೊಫೈಲ್‌ಗಳು ಇಂದಿಗೂ ಅದರ ಕಂಠದ ಸಹಜತೆಯನ್ನು ಹೊಗಳುವುದು ಸುಮ್ಮನೆ ಅಲ್ಲ.

ಅದರ ಪೆಟ್ಟಿಗೆಯನ್ನೇ ಹತ್ತಿರದಿಂದ ನೋಡಿ. ದಪ್ಪ ಹಲಗೆಯ ಭಾರೀ ಪೆಟ್ಟಿಗೆಯೇ ಒಳ್ಳೆಯದೆಂದು ನಾವು ತಿಳಿದಿರುತ್ತೇವೆ. ಬಿಬಿಸಿಯವರು 12 ಮಿಲಿಮೀಟರ್ ದಪ್ಪದ ಬರ್ಚ್ ಪ್ಲೈವುಡ್ ತೆಗೆದುಕೊಂಡು ಒಳಗೋಡೆಗೆ ಡಾಂಬರಿನ ಹಾಳೆ ಮೆತ್ತಿದರು. ಹಲಗೆ ಅದುರಬಾರದೆಂದು ಹಟ ಹಿಡಿಯುವ ಬದಲು ಅದುರಿದರೂ ಆ ಅದುರು ಬೇಗ ಸತ್ತು, ಕಂಠದ ವ್ಯಾಪ್ತಿಯಲ್ಲಿ ಕಿವಿಗೆ ತಾಗದಂತೆ ಮಾಡಿದರು. ಟ್ವೀಟರಿನ ಸುತ್ತ ಅಂಟಿಸಿದ ಫೆಲ್ಟ್ ಪಟ್ಟಿಗಳು ಅಂಚುಗಳಿಗೆ ಬಡಿದು ಚದುರುವ ಸದ್ದನ್ನು ಹೀರಿಕೊಳ್ಳುತ್ತವೆ. 1980ರ ದಶಕದಲ್ಲಿ ಸೆಲೆಶನ್ ಕಂಪನಿ ಎಸ್‌ಎಲ್600ಕ್ಕೆ ಇದಕ್ಕೆ ತದ್ವಿರುದ್ಧವಾಗಿ ವಿಮಾನಗಳಲ್ಲಿ ಬಳಸುವಂಥ, ಜೇನುಗೂಡಿನ ರಚನೆಯ ಅಲ್ಯೂಮಿನಿಯಂ ಹಲಗೆ ಬಳಸಿತು. ಅಲ್ಲಿನ ವಿಚಾರ ಹಲಗೆ ಹಗುರವಾಗಿಯೂ ಬಿಗಿಯಾಗಿಯೂ ಇದ್ದು ಅದುರಲೇ ಬಾರದು ಎಂಬುದು. ಎರಡು ದಾರಿಗೂ ಇಂದಿಗೂ ಅನುಯಾಯಿಗಳಿದ್ದಾರೆ. ನನ್ನ ಕಿವಿ ಗಾಯನಕ್ಕೆ ಮೊದಲನೆಯದನ್ನೂ ಮೃದಂಗದ ಬಲಗಡೆಯ ಖಣಿಗೆ ಎರಡನೆಯದನ್ನೂ ಮೆಚ್ಚುತ್ತದೆ.

ಈಗ ನಿಮ್ಮ ವೀಣೆಗೆ ಬರೋಣ. ಸಾರಣಿ ತಂತಿಯನ್ನು ಸುಮಾರು 165 ಹರ್ಟ್ಸ್‌ಗೆ ಶ್ರುತಿ ಮಾಡಿಕೊಂಡ ವೀಣೆಯಲ್ಲಿ ಮಂದ್ರ ಷಡ್ಜ ಸುಮಾರು 82ಕ್ಕೂ, ಅನುಮಂದ್ರದ ತಂತಿಯ ಪಂಚಮ ಸುಮಾರು 62ಕ್ಕೂ ಬರುತ್ತದೆ. ಐದು ಲೀಟರಿನ ಪೆಟ್ಟಿಗೆ ಆ 62ನ್ನು ಮೂಲದಷ್ಟು ಬಲವಾಗಿ ಕೊಡಲಾರದು. ಆದರೂ ತಂತಿ ಮೀಟಿದಾಗ ಅದು ಅನುಮಂದ್ರ ಪಂಚಮವೇ ಎಂದು ನಿಮಗೆ ತಿಳಿಯುತ್ತದೆ, ಏಕೆಂದರೆ ತಂತಿಯಿಂದ ಅದರ ಜೊತೆಗೆ 124, 186 ಹರ್ಟ್ಸ್‌ನ ಅನುಸ್ವರಗಳೂ ಹೊಮ್ಮುತ್ತವೆ. ಅವುಗಳನ್ನು ಕೇಳಿದ ಮಿದುಳು ಕಾಣೆಯಾದ ಮೂಲಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಎಲ್‌ಎಸ್ 3/5ಎ ರೂಪಿಸಿದವರು 100 ಹರ್ಟ್ಸ್ ಮೇಲಿನ ಭಾಗವನ್ನು ತುಸು ಎತ್ತರಿಸಿ ಈ ಭ್ರಮೆಗೆ ನೆರವಾದರು. ‘ಗಾತ್ರವನ್ನು ಮೀರಿದ ಬಾಸ್’ ಎಂಬ ಮಾತಿನ ಹಿಂದಿರುವುದು ಬಹುಮಟ್ಟಿಗೆ ಇದೇ. ಸ್ವರ ಯಾವುದೆಂದು ತಿಳಿಯುತ್ತದೆ, ಆದರೆ ವೀಣೆಯ ಕೊಡದ ಎದುರು ಕುಳಿತಾಗ ಎದೆಗೆ ತಾಕುವ ಆ ಕಂಪನ ತಾಕುವುದಿಲ್ಲ. ನಿಮ್ಮ ಪರಿಚಿತರಲ್ಲಿ ಒಬ್ಬರು ಸ್ವರವನ್ನು ಕೇಳಿ ಮೆಚ್ಚಿರಬೇಕು, ಇನ್ನೊಬ್ಬರು ಕಂಪನ ಸಿಗದೆ ಮುನಿದಿರಬೇಕು.

ಇಂಥದೇ ಇನ್ನೊಂದು ಕಥೆ ಅಮೆರಿಕದ ಡೇವಿಡ್ ವಿಲ್ಸನ್ನರದು. ಹೊರಗೆ ಧ್ವನಿಮುದ್ರಣಕ್ಕೆ ಹೋದಾಗ ಕೊಂಡೊಯ್ಯಬಹುದಾದ ಮಾನಿಟರ್ (ಮುದ್ರಣವನ್ನು ಪರೀಕ್ಷಿಸಿ ಕೇಳುವ ಸ್ಪೀಕರ್) ಬೇಕೆಂದು ಅವರು 1980ರ ದಶಕದಲ್ಲಿ ವ್ಯಾಟ್ ಎಂಬ ಹೆಸರಿನ ಸಣ್ಣ ಸ್ಪೀಕರ್ ಮಾಡಿದರು. ಅದರ ಬೆಲೆ ಆ ಕಾಲಕ್ಕೆ ದಂಗುಬಡಿಸುವಂತಿತ್ತು, ಆದರೂ ಅದು ಸದ್ದಿನಲ್ಲಿ ತೋರಿಸುವ ಸೂಕ್ಷ್ಮಗಳಿಗೆ ಜನ ಮನಸೋತರು. ಕೆಲವೇ ವರ್ಷಗಳಲ್ಲಿ ವಿಲ್ಸನ್ ಅದರ ಕೆಳಗಿಡಲು ಪಪ್ಪಿ ಎಂಬ ಬಾಸ್ ಪೆಟ್ಟಿಗೆಯನ್ನೂ ಮಾಡಿದರು. ಎರಡೂ ಸೇರಿ ನೆಲದ ಮೇಲೆ ನಿಲ್ಲುವ ದೊಡ್ಡ ಸ್ಪೀಕರೇ ಆಯಿತು. ಇದನ್ನು ಸೋಲೆಂದು ನಾನು ಕರೆಯುವುದಿಲ್ಲ. ಮುದ್ರಣ ಪರೀಕ್ಷಿಸುವವರ ಅಗತ್ಯ ಬೇರೆ, ಹಜಾರದಲ್ಲಿ ಕುಳಿತು ವಾದ್ಯಗೋಷ್ಠಿ ಕೇಳುವವರ ಅಗತ್ಯ ಬೇರೆ ಎಂದು ಅದನ್ನು ರೂಪಿಸಿದವರೇ ಒಪ್ಪಿಕೊಂಡಂತೆ.

ಹಾಗಾದರೆ ಅಷ್ಟು ಹಣ ಯಾವುದಕ್ಕೆ? ಒಂದು ಪಾಲು ನಿಜವಾದ ಕೆಲಸಕ್ಕೆ ಹೋಗುತ್ತದೆ. ಎಡಬಲದ ಎರಡು ಸ್ಪೀಕರ್‌ಗಳು ಒಂದನ್ನೊಂದು ಕೂದಲೆಳೆಯಷ್ಟೂ ಬಿಡದೆ ಹೋಲುವಂತೆ ಬಿಡಿಭಾಗಗಳನ್ನು ಅಳೆದು ಜೋಡಿ ಮಾಡುವುದು, ಅಲುಗದ ಪೆಟ್ಟಿಗೆ, ಕಡಿಮೆ ವಿರೂಪದ ವೂಫರ್, ಸ್ವರಗಳನ್ನು ವೂಫರಿಗೂ ಟ್ವೀಟರಿಗೂ ಹಂಚುವ, ಎಚ್ಚರದಿಂದ ಹೊಂದಿಸಿದ ಕ್ರಾಸ್‌ಓವರ್ ಎಲ್ಲವೂ ದುಬಾರಿ. ಗಾಯಕಿ ಎರಡು ಪೆಟ್ಟಿಗೆಗಳ ನಡುವಿನ ಖಾಲಿ ಜಾಗದಲ್ಲಿ ಕುಳಿತು ಹಾಡುತ್ತಿರುವಂತೆ ಕಾಣುವುದಕ್ಕೆ ಈ ಜೋಡಿಯ ಹೊಂದಾಣಿಕೆಯೇ ಮುಖ್ಯ ಕಾರಣ, ಸಣ್ಣ ಮುಖಫಲಕ ಅದಕ್ಕೆ ಇನ್ನಷ್ಟು ಅನುಕೂಲ. ಇನ್ನೊಂದು ಪಾಲು ಮರದ ಹೊಳಪಿಗೆ, ಕಡಿಮೆ ಸಂಖ್ಯೆಯ ತಯಾರಿಕೆಗೆ, ಸಾಗಣೆ ಸುಂಕಗಳಿಗೆ, ಹೆಸರಿಗೆ. ಕೆಫ್ ಕಂಪನಿ ತನ್ನ 50 ವರ್ಷದ ನೆನಪಿಗೆ 2012ರಲ್ಲಿ ಎಲ್‌ಎಸ್ 3/5ಎ ಯಿಂದಲೇ ಸ್ಫೂರ್ತಿ ಪಡೆದು ಎಲ್‌ಎಸ್50 ತಂದಾಗ, ಅದಕ್ಕಿಂತ ಹಲವು ಪಟ್ಟು ಬೆಲೆಯ ಸಣ್ಣ ಸ್ಪೀಕರ್‌ಗಳನ್ನು ಮಾರುವವರು ಮೊದಲನೆಯ ಪಾಲು ಎಷ್ಟು, ಎರಡನೆಯದು ಎಷ್ಟು ಎಂದು ವಿವರಿಸಬೇಕಾದ ಸ್ಥಿತಿ ಬಂತು. ನನ್ನ ಅಭಿಪ್ರಾಯದಲ್ಲಿ ಒಂದು ಮಟ್ಟ ದಾಟಿದ ಮೇಲೆ ಎರಡನೆಯ ಪಾಲೇ ಹೆಚ್ಚು.

ಆಡಿಯೊಫೈಲ್‌ಗಳ ನಡುವಿನ ಹಳೆಯದೊಂದು ವಾದವನ್ನು ನೀವು ಕೇಳಿರಬಹುದು. ಎಲ್‌ಎಸ್ 3/5ಎ ಮೊದಲು 15 ಓಮ್‌ನಲ್ಲಿ (ಓಮ್ ಎಂದರೆ ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಬಂತು. ಬಿಡಿಭಾಗಗಳ ಗುಣ ಕಾಲಕ್ರಮದಲ್ಲಿ ಬದಲಾಗಿದ್ದರಿಂದ 1980ರ ದಶಕದ ಕೊನೆಯಲ್ಲಿ ಅದನ್ನು ಪರಿಷ್ಕರಿಸಿ 11 ಓಮ್‌ಗೆ ತಂದರು. ಹಳೆಯದರ ಕಂಠಕ್ಕೇ ಹೆಚ್ಚು ಮಾಧುರ್ಯವೆಂದು ಹಲವರು ನಂಬುತ್ತಾರೆ, ಹಳೆಯ ಜೋಡಿಗಳಿಗೆ ಹೆಚ್ಚು ಹಣವನ್ನೂ ಕೊಡುತ್ತಾರೆ. ನಲವತ್ತು ವರ್ಷ ಹಳೆಯ ಕೆಪಾಸಿಟರುಗಳೂ ಬೇರೆ ಬೇರೆ ಮನೆಗಳಲ್ಲಿ ದುಡಿದ ಕೋನುಗಳೂ ಇರುವ ಎರಡು ಜೋಡಿಗಳನ್ನು ಹೋಲಿಸಿ ಮೂಲವಿನ್ಯಾಸದ ಬಗ್ಗೆ ತೀರ್ಪು ಕೊಡುವುದನ್ನು ನಾನು ಒಪ್ಪಲಾರೆ.

ಕಣ್ಣು ಕಿವಿಯನ್ನು ಎಷ್ಟು ಆಳುತ್ತದೆಂಬುದಕ್ಕೆ ಪುರಾವೆಯಿದೆ. ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ಸ್ಪೀಕರ್‌ಗಳನ್ನು ಪರದೆಯ ಹಿಂದಿಟ್ಟು ಕೇಳಿಸಿದಾಗ ಬಂದ ಅಂಕಗಳೂ, ಎದುರಿಗೆ ಕಾಣುವಂತಿಟ್ಟಾಗ ಬಂದ ಅಂಕಗಳೂ ಬೇರೆಯಾದವು. ನನಗೂ ಈ ಪಾಠ ಆಗಿದೆ. ವರ್ಷಗಳ ಹಿಂದೆ ಅಂಗಡಿಯೊಂದರಲ್ಲಿ ಎರಡು ಸಣ್ಣ ಸ್ಪೀಕರ್ ಜೋಡಿಗಳನ್ನು ಒಂದರ ನಂತರ ಒಂದರಂತೆ ಕೇಳಿದೆ. ದುಬಾರಿ ಜೋಡಿಯಲ್ಲಿ ತಂಬೂರಿಯ ನಾದ ಅರಳಿದಂತಿತ್ತು, ಅಲ್ಲೇ ಮುಂಗಡ ಕೊಟ್ಟೆ. ಮನೆಗೆ ತಂದ ಮೇಲೆ ಆ ಅರಳುವಿಕೆ ಸಿಗಲಿಲ್ಲ. ಮತ್ತೆ ಹೋಗಿ ಅಳೆದು ನೋಡಿದರೆ ಆ ಜೋಡಿ ಅದೇ ವಾಲ್ಯೂಮಿನಲ್ಲಿ ಮೂರು ಡೆಸಿಬಲ್ ಜೋರಾಗಿ ನುಡಿಯುತ್ತಿತ್ತು. ಒಂದು ಡೆಸಿಬಲ್ ಹೆಚ್ಚಿದರೂ ಕಿವಿ ಅದನ್ನು ‘ಜೋರು’ ಎನ್ನದೆ ‘ಚೆನ್ನ’ ಎಂದು ಓದಿಕೊಳ್ಳುತ್ತದೆ.

ನಿಮ್ಮ ಕೋಣೆಯ ವಿಷಯದಲ್ಲಿ ನನಗೆ ಸಂತೋಷವೇ ಇದೆ. 12 ಅಡಿ ಉದ್ದದ ಕೋಣೆಯಲ್ಲಿ ಸುಮಾರು 47 ಹರ್ಟ್ಸ್‌ನ ಸದ್ದು ಎರಡು ಗೋಡೆಗಳ ನಡುವೆ ನಿಂತಲ್ಲೇ ಮೊಳಗುತ್ತದೆ. ದೊಡ್ಡ ಸ್ಪೀಕರ್ ತಂದಿಟ್ಟರೆ ಆ ಮೊಳಗು ಮೃದಂಗದ ಎಡಗಡೆಯ ಪ್ರತಿ ಗುಮ್ಕಿಯನ್ನೂ ಮುದ್ದೆ ಮಾಡುತ್ತದೆ. ಸಣ್ಣ ಸ್ಪೀಕರ್ ಅಷ್ಟು ಕೆಳಗೆ ಇಳಿಯುವುದೇ ಇಲ್ಲವಾದ್ದರಿಂದ ಅದರ ಕೊರತೆಯೇ ನಿಮಗೆ ಅನುಕೂಲ. ಆದರೆ ಪುಸ್ತಕದ ಕಪಾಟಿನೊಳಗೆ ತುರುಕಬೇಡಿ. ನಾನು ಹಾಗೆ ಇಟ್ಟು ಒಂದು ಮಳೆಗಾಲವಿಡೀ ಗಂಟಲು ಕಟ್ಟಿದಂಥ ಗಾಯನ ಕೇಳಿದ್ದೇನೆ. ಸ್ಟ್ಯಾಂಡಿನ ಮೇಲೆ, ಟ್ವೀಟರ್ ಕುಳಿತವರ ಕಿವಿಯ ಮಟ್ಟಕ್ಕೆ ಬರುವಂತೆ, ಹಿಂದಿನ ಗೋಡೆಯಿಂದ ಒಂದೂವರೆ ಎರಡು ಅಡಿ ಮುಂದಕ್ಕೆ ಇಡಿ, ನಿಮ್ಮ ಕುರ್ಚಿಗೂ ಸ್ಪೀಕರಿಗೂ ಆರು ಅಡಿಗಿಂತ ಹೆಚ್ಚು ಬೇಡ. ನೆಲ ಟೈಲ್ಸ್ ಆಗಿದ್ದರೆ ಜಮಖಾನೆ ಹಾಸಿ, ಕಿಟಕಿಗೆ ದಪ್ಪ ಪರದೆ ಕಟ್ಟಿ. ಆಂಪ್ಲಿಫೈಯರಿನ ಲೆಕ್ಕವನ್ನೂ ಮಗನಿಗೆ ಹೇಳಿ: ಸೂಕ್ಷ್ಮತೆ (ಒಂದೇ ಶಕ್ತಿಗೆ ಎಷ್ಟು ಜೋರಾಗಿ ನುಡಿಯುತ್ತದೆ ಎಂಬ ಅಳತೆ) 82 ಡೆಸಿಬಲ್ ಇರುವ ಸ್ಪೀಕರಿಗೆ, ಅಷ್ಟೇ ಸದ್ದು ಬರಲು 88ರದಕ್ಕಿಂತ ನಾಲ್ಕು ಪಟ್ಟು ಶಕ್ತಿ (ವ್ಯಾಟ್) ಬೇಕು. ನಾಗಸ್ವರ ಡೋಲುಗಳ ಮೆರವಣಿಗೆಯ ಅಬ್ಬರವನ್ನು ಕೋಣೆಗೆ ತರುವ ಆಸೆಯಿದ್ದರೆ ಈ ಜಾತಿಯ ಸ್ಪೀಕರ್ ಬೇಡವೇ ಬೇಡ.

ಎರಡೂವರೆ ಲಕ್ಷವನ್ನು ಪೂರ್ತಿ ಪೆಟ್ಟಿಗೆಗೇ ಹಾಕಬೇಡಿ ಎಂಬುದು ನನ್ನ ಸಲಹೆ. ಅದರಲ್ಲಿ ಅರ್ಧಕ್ಕೆ ಸಿಗುವ ಜೋಡಿಯೊಂದನ್ನೂ ಮಗ ನೋಡಿರುವುದನ್ನೂ ಒಂದು ವಾರ ಮನೆಗೆ ಕೊಡುವ ಅಂಗಡಿ ಹುಡುಕಿ. ನಿಮಗೆ ಬಾಯಿಪಾಠವಾಗಿರುವ ವೀಣಾವಾದನದ ಮುದ್ರಣವೊಂದನ್ನು ಆರಿಸಿಕೊಳ್ಳಿ. ಎರಡು ಜೋಡಿಗಳ ಸದ್ದನ್ನು ಫೋನಿನ ಮಾಪಕದಲ್ಲಾದರೂ ಸರಿಸಮ ಮಾಡಿಕೊಳ್ಳಿ. ಮುಂದೆ ತೆಳು ಬಟ್ಟೆ ಇಳಿಬಿಟ್ಟು, ಯಾವುದು ನುಡಿಯುತ್ತಿದೆ ಎಂದು ನಿಮಗೆ ಹೇಳದೆ ಬದಲಾಯಿಸಲು ಮಗನಿಗೆ ಹೇಳಿ. ಮೂರು ಸಂಜೆ ಹೀಗೆ ಕೇಳಿದ ಮೇಲೆ ನನಗೆ ಬರೆಯಿರಿ. ನೀವು ಕುಳಿತ ದೂರ, ಕೋಣೆಯ ಅಳತೆ, ಕೇಳಿದ ಮುದ್ರಣ ಎಲ್ಲವನ್ನೂ ಸೇರಿಸಿ ನಿಮ್ಮ ಪತ್ರವನ್ನು ಪೂರ್ತಿಯಾಗಿ ಪ್ರಕಟಿಸುತ್ತೇವೆ. ಮುಂದಿನ ಸಂಚಿಕೆಯಿಂದ ನಮ್ಮ ಪ್ರತಿಯೊಂದು ಸ್ಪೀಕರ್ ವಿಮರ್ಶೆಯ ಮೊದಲ ಸಾಲಿನಲ್ಲೂ ಅದೇ ವಿವರಗಳಿರುತ್ತವೆ.

ಸಂಪಾದಕ