ಸೇಫ್ಟಿ ವಾಲ್ವ್ ಬಾಯಿ ಮುಚ್ಚಬೇಡಿ

ಪ್ರಶ್ನೆ: ನಾವು ವಿಜಯಪುರ ಕಡೆಯವರು. ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಫ್ಯಾಬ್ರಿಕೇಶನ್ ಶೆಡ್ ಇದೆ. ಕಂಪ್ರೆಸರ್ ಟ್ಯಾಂಕ್ 220 ಲೀಟರಿನದು. ಹೋದ ವರ್ಷ 3 ಎಚ್‌ಪಿ ಪಂಪ್ ತೆಗೆದು 5 ಎಚ್‌ಪಿ ಕೂರಿಸಿದೆವು. ಈಗ ಗೇಜ್ 8 ಕೆಜಿ ತೋರಿಸುವಾಗಲೇ ಸೇಫ್ಟಿ ವಾಲ್ವ್ ಗಾಳಿ ಬಿಡುತ್ತದೆ. ಮೆಕ್ಯಾನಿಕ್ 'ಸ್ಕ್ರೂ ಟೈಟ್ ಮಾಡಿ, ಇಲ್ಲಾ ಪ್ಲಗ್ ಹಾಕಿಬಿಡಿ' ಅನ್ನುತ್ತಾನೆ. ಏನು ಮಾಡಲಿ? ಸೇಫ್ಟಿಗೆ ಇನ್ನೇನು ಕೊಳ್ಳಬೇಕು?
– ಓದುಗರು, ಭೋಸರಿ

ಉತ್ತರ: ಪ್ಲಗ್ ಮಾತ್ರ ಹಾಕಬೇಡಿ ಸರ್. ಸ್ಕ್ರೂನೂ ಮುಟ್ಟಬೇಡಿ. ಗೇಜಿನ 8 ಕೆಜಿ ಅಂದರೆ ಒಂದು ಚದರ ಸೆಂಟಿಮೀಟರ್, ಅಂದರೆ ಕಿರುಬೆರಳಿನ ಉಗುರಿನಷ್ಟು ಜಾಗದ ಮೇಲೆ 8 ಕೆಜಿ ಭಾರ. ಇಡೀ ಟ್ಯಾಂಕಿನ ಒಳಮೈ ಮೇಲೆ ಅದು ಎಷ್ಟಾಗುತ್ತದೆ, ನೀವೇ ಲೆಕ್ಕ ಹಾಕಿ. ಟ್ಯಾಂಕ್ ತುಂಬಿದಾಗ ಮೋಟರ್ ನಿಲ್ಲಿಸುವ ಪ್ರೆಶರ್ ಸ್ವಿಚ್ ಕೈಕೊಟ್ಟ ದಿನ ಟ್ಯಾಂಕನ್ನು ಉಳಿಸುವುದು ಆ ವಾಲ್ವ್ ಒಂದೇ.

ಮೊದಲು ಗೇಜ್ ಮೇಲೆ ಅನುಮಾನ ಪಡಿ. ಕರೆಂಟ್ ತೆಗೆದು, ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಸರಿಯಾದ ಬೇರೆ ಗೇಜ್ ಹಾಕಿ ನೋಡಿ. ಅದು 10 ತೋರಿಸಿದರೆ ತಪ್ಪು ವಾಲ್ವಿನದಲ್ಲ, ಹಳೇ ಗೇಜ್ ಸುಳ್ಳು ಹೇಳುತ್ತಿತ್ತು, ಸ್ವಿಚ್ಚೂ ಸರಿಯಾದ ಹೊತ್ತಿಗೆ ಮೋಟರ್ ನಿಲ್ಲಿಸುತ್ತಿಲ್ಲ ಅಂತ ಅರ್ಥ. ನಿಜಕ್ಕೂ 8ಕ್ಕೇ ಬಿಡುತ್ತಿದ್ದರೆ ವಾಲ್ವಿನ ಮೇಲೆ ಎಷ್ಟು ಪ್ರೆಶರ್ ಅಂತ ಅಚ್ಚೊತ್ತಿದೆ ನೋಡಿ. ಅದಕ್ಕಿಂತ ಮುಂಚೆಯೇ ಬಿಡುತ್ತಿದ್ದರೆ ಸ್ಪ್ರಿಂಗ್ ಸೋತಿದೆ, ಇಲ್ಲವೇ ಸೀಟಿನಲ್ಲಿ ತುಕ್ಕು ಸಿಕ್ಕಿದೆ. ಹೊಸದು ತನ್ನಿ.

ತರುವಾಗ ಅಂಗಡಿಯವನು 'ಎಷ್ಟು ಇಂಚು?' ಅಂತ ಮಾತ್ರ ಕೇಳುತ್ತಾನೆ. ಇಲ್ಲೇ ಎಡವುತ್ತೇವೆ. ಇಂಚು ಬರೀ ಥ್ರೆಡ್‌ಗೆ. ನೀವು ನೋಡಬೇಕಾದದ್ದು ಎರಡು ಅಂಕಿ. ಎಷ್ಟು ಪ್ರೆಶರ್‌ಗೆ ತೆರೆಯುತ್ತದೆ ಅನ್ನೋದು ಒಂದು. ಅದು ಟ್ಯಾಂಕಿನ ಪ್ಲೇಟ್ ಮೇಲಿರುವ ಡಿಸೈನ್ ಪ್ರೆಶರನ್ನು ಮೀರಬಾರದು, ಸ್ವಿಚ್ ಕಟ್ ಆಗುವ ಪ್ರೆಶರ್‌ಗಿಂತ ಸ್ವಲ್ಪ ಮೇಲಿರಬೇಕು. ಪ್ಲೇಟ್ 10 ಅಂದರೆ, ಸ್ವಿಚ್ 8ಕ್ಕೆ ಕಟ್ ಆದರೆ, 9ರ ವಾಲ್ವ್ ಸರಿ. ಇನ್ನೊಂದು, ಅದು ಎಷ್ಟು ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ) ಗಾಳಿ ಹೊರಹಾಕಬಲ್ಲದು ಅನ್ನೋದು. ಪಂಪ್ ತಳ್ಳುವಷ್ಟನ್ನೂ ಅದು ಬಿಡಬೇಕು. ನಿಮ್ಮ ವಾಲ್ವ್ 3 ಎಚ್‌ಪಿ ಕಾಲದ್ದು ಅಲ್ವಾ? 5 ಎಚ್‌ಪಿ ಪಂಪ್ ನಿಲ್ಲದೆ ಓಡಿದರೆ ವಾಲ್ವ್ ಬಾಯಿ ತೆರೆದೇ ಇದ್ದರೂ ಟ್ಯಾಂಕಿನಲ್ಲಿ ಪ್ರೆಶರ್ ಏರುತ್ತಲೇ ಹೋಗಬಹುದು. ಹಾಗಾಗಿ ಹಳೇದು ಚೆನ್ನಾಗಿದ್ದರೂ ಸಿಎಫ್‌ಎಂ ಸಾಲದಿದ್ದರೆ ಬದಲಾಯಿಸಿ. ಸೀಲ್ ಇರುವುದನ್ನೇ ಕೇಳಿ. ಟ್ಯಾಂಕಿಗೂ ವಾಲ್ವಿಗೂ ಮಧ್ಯೆ ಬಂದ್ ಮಾಡುವ ಕಾಕ್ ಬೇಡವೇ ಬೇಡ.

ಇನ್ನು ಹೋಸ್. ಚಾಕಣದ ಒಂದು ಶೆಡ್‌ನಲ್ಲಿ ಹೋಸ್ ಕಪ್ಲಿಂಗ್‌ನಿಂದ ಕಿತ್ತುಬಂದದ್ದನ್ನು ನಾನೇ ನೋಡಿದ್ದೇನೆ. ಕ್ಲಿಪ್ ಬದಲು ಬೈಂಡಿಂಗ್ ವೈರ್ ಸುತ್ತಿದ್ದರು. ಹಿತ್ತಾಳೆ ತುದಿ ಹಾವಿನ ಹಾಗೆ ಎದ್ದು ಟ್ಯೂಬ್‌ಲೈಟ್ ಒಡೆಯಿತು, ಹುಡುಗನ ಕಿವಿ ಪಕ್ಕದಲ್ಲೇ ಹಾದುಹೋಯಿತು. ಆ ಹುಡುಗ ಅವತ್ತಿಡೀ ಮಾತಾಡಲಿಲ್ಲ. ಇದಕ್ಕೆ ಎರಡು ಸಾಧನ ಇವೆ. ಜೋಡಣೆಯ ಎರಡೂ ಕಡೆ ಹಿಡಿದಿಡುವ ಉಕ್ಕಿನ ಹಗ್ಗ, ಅಂದರೆ ವಿಪ್ ಚೆಕ್. ಹೋಸ್ ಒಡೆದು ಗಾಳಿ ಒಮ್ಮೆಲೇ ನುಗ್ಗಿದರೆ ತಾನೇ ಮುಚ್ಚಿಕೊಳ್ಳುವ ಏರ್ ಫ್ಯೂಸ್, ಇದನ್ನು ಪೈಪಿನ ಕಡೆಗೇ ಹಾಕಬೇಕು. ಅಮೆರಿಕದಲ್ಲಿ ಕಟ್ಟಡ ಕೆಲಸದ ಜಾಗದಲ್ಲಿ ಅರ್ಧ ಇಂಚು ಮೀರಿದ ಹೋಸಿಗೆ, ಅದು ಒಡೆದರೆ ಪ್ರೆಶರ್ ಇಳಿಸುವ ಇಂಥ ಫ್ಯೂಸಿನಂಥ ಸಾಧನ ಕಡ್ಡಾಯ. ನಿಮ್ಮದು ಸಣ್ಣ ಹೋಸ್ ಆದರೂ ಹಾಕಿಸಿ.

ಪ್ರತಿ ಮಷೀನ್ ಮುಂದೆ ಸುಮ್ನೆ ಬಾಲ್ ವಾಲ್ವ್ ಇಟ್ಟರೆ ಸಾಲದು. ಅದು ಬಂದ್ ಆದಮೇಲೂ ಮಷೀನಿನ ಸಿಲಿಂಡರಿನಲ್ಲಿ ಗಾಳಿ ಕೂತಿರುತ್ತದೆ, ಬಿಚ್ಚುವವನ ಬೆರಳಿಗೆ ಅಪಾಯ. ಬಂದ್ ಮಾಡಿದಾಗ ಮುಂದಿನ ಗಾಳಿಯನ್ನೆಲ್ಲ ಹೊರಬಿಡುವ, ಬೀಗ ಹಾಕಬಹುದಾದ ವಾಲ್ವ್ ತನ್ನಿ.

ಎಫ್‌ಆರ್‌ಎಲ್ (ಲೈನಿನ ಫಿಲ್ಟರ್, ರೆಗ್ಯುಲೇಟರ್, ಲೂಬ್ರಿಕೇಟರ್) ಘಟಕದ ಪಾರದರ್ಶಕ ಬೌಲನ್ನು ಥಿನ್ನರ್‌ನಿಂದ ಒರೆಸಬೇಡಿ, ಪಾಲಿಕಾರ್ಬೊನೇಟ್ ಬಿರುಕು ಬಿಟ್ಟು ಸಿಡಿಯುತ್ತದೆ. ಸೋಪಿನ ನೀರು ಸಾಕು, ಲೋಹದ ಗಾರ್ಡ್ ಇರಲಿ. ಲೈನಿಗೆ ಪಿವಿಸಿ ಪೈಪ್ ಇದ್ದರೆ ತೆಗೆಸಿ. ಟ್ಯಾಂಕಿನ ನೀರು ದಿನಾ ಇಳಿಸಿ, ಮಳೆಗಾಲದಲ್ಲಿ ಜಾಸ್ತಿ ಬರುತ್ತದೆ, ಒಳಗಿಂದ ತುಕ್ಕು ತಿನ್ನುತ್ತದೆ. ಟ್ಯಾಂಕಿನ ಪ್ರೆಶರ್ ಮಿತಿ ಮೀರದಂತೆ ನೋಡಿಕೊಳ್ಳುವುದು ಮಾಲೀಕನ ಹೊಣೆ, 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 31ನೇ ಸೆಕ್ಷನ್ ಫ್ಯಾಕ್ಟರಿಗಳಿಗೆ ಇದನ್ನೇ ಹೇಳುತ್ತಿತ್ತು.

ಪ್ರಶ್ನೆ: ನಮ್ಮ ಹುಡುಗರು ಸಂಜೆ ಏರ್ ಗನ್‌ನಿಂದ ಬಟ್ಟೆಯ ಧೂಳು ಹೊಡೆದುಕೊಳ್ಳುತ್ತಾರೆ. ತಪ್ಪಾ?
– ಓದುಗರು, ಡೊಂಬಿವಿಲಿ

ಉತ್ತರ: ತಪ್ಪೇ. ಗಾಯದ ಮೂಲಕ ಗಾಳಿ ಮೈಯೊಳಗೆ ಹೋದರೆ ಜೀವಕ್ಕೇ ಸಂಚಕಾರ. ಬಟ್ಟೆಗೆ ಬ್ರಷ್ ಅಥವಾ ವ್ಯಾಕ್ಯೂಮ್ ಕೊಡಿ. ಮಷೀನ್ ಒರೆಸಲು ಗನ್ ಬೇಕೇಬೇಕಾದರೆ ಮೂತಿಯ ಪಕ್ಕದಲ್ಲಿ ತೂತಿರುವ ಸೇಫ್ಟಿ ನಾಝಲ್ ತನ್ನಿ. ಮೂತಿ ಮುಚ್ಚಿಹೋದರೂ ಅಲ್ಲಿ ಪ್ರೆಶರ್ 2 ಕೆಜಿ ದಾಟದಂತಿರಬೇಕು, ಕಣ್ಣಿಗೆ ಕನ್ನಡಕ ಇರಲೇಬೇಕು.