ಕ್ಯಾಮೆರಾ ನಮ್ಮದು, ಚಾಕರಿ ಯಾರದೋ

ಪ್ರಶ್ನೆ: ನಮ್ಮ ಮನೆಯ ಸಿಸಿಟಿವಿ ಕ್ಯಾಮೆರಾದಲ್ಲಿ ಕದಿಯುವಂಥದ್ದೇನೂ ಇಲ್ಲ. ಅದಕ್ಕೆ ಕುತಂತ್ರಾಂಶ ತಗಲಿದರೆ ಯಾರಿಗೇನು ಲಾಭ? ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಹೋಗುತ್ತದೆಯೇ?
– ಓದುಗರು, ಧಾರವಾಡ

ಉತ್ತರ: ದಾಳಿಕೋರರಿಗೆ ಬೇಕಾದದ್ದು ನಿಮ್ಮ ಅಂತರಜಾಲ ಸಂಪರ್ಕ. 2016ರಲ್ಲಿ ಹರಡಿದ ‘ಮಿರಾಯ್’ ಎಂಬ ಕುತಂತ್ರಾಂಶವು ಟೆಲ್ನೆಟ್ (ದೂರದಿಂದಲೇ ಸಾಧನದೊಳಗೆ ಪ್ರವೇಶಿಸುವ ಹಳೆಯ ವಿಧಾನ) ಸಂಪರ್ಕವನ್ನು ತೆರೆದಿಟ್ಟುಕೊಂಡಿದ್ದ ಕ್ಯಾಮೆರಾ, ಡಿವಿಆರ್ (ದೃಶ್ಯ ದಾಖಲಿಸುವ ಪೆಟ್ಟಿಗೆ), ರೂಟರ್‌ಗಳನ್ನು ಹುಡುಕಿ, ತಯಾರಕರೇ ಇಟ್ಟಿದ್ದ ಸುಮಾರು 60 ಬಳಕೆದಾರ ಹೆಸರು–ಪಾಸ್‌ವರ್ಡ್ ಜೋಡಿಗಳ ಪಟ್ಟಿಯಿಂದ ಆಯ್ದು ಪ್ರಯೋಗಿಸಿ ಒಳಹೊಕ್ಕು, ಅವನ್ನೆಲ್ಲ ಒಂದೇ ಹಿಡಿತದ ಬಾಟ್‌ನೆಟ್ (ದಾಳಿಕೋರರು ಹೇಳಿದಂತೆ ಕೇಳುವ ಸಾಧನಗಳ ಪಡೆ) ಆಗಿ ಕಟ್ಟಿತು. ಬೀಗ ಒಡೆಯುವ ಜಾಣತನವೂ ಬೇಕಾಗಲಿಲ್ಲ! ಅದೇ ವರ್ಷ ಅಕ್ಟೋಬರ್ 21ರಂದು ಇಂಥ ಸಾಧನಗಳು ಅಮೆರಿಕದ ಡೈನ್ (Dyn) ಕಂಪನಿಯ ಡಿಎನ್‌ಎಸ್ ಸರ್ವರ್‌ಗಳಿಗೆ (ಜಾಲತಾಣದ ಹೆಸರಿನಿಂದ ಅದರ ಅಂಕಿ ವಿಳಾಸ ಹುಡುಕಿಕೊಡುವ ಕಂಪ್ಯೂಟರ್‌ಗಳಿಗೆ) ಏಕಕಾಲಕ್ಕೆ ಮುಗಿಬಿದ್ದುದರಿಂದ ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದವು ಹಲವು ಗಂಟೆ ಅನೇಕರಿಗೆ ಸಿಗದಾದವು. ಮಿರಾಯ್ ರಚಿಸಿದ ಮೂವರು ಅಮೆರಿಕನ್ ಯುವಕರು 2017ರಲ್ಲಿ ತಪ್ಪೊಪ್ಪಿಕೊಂಡರು. ಆದರೆ ಅದರ ಮೂಲ ಸಂಕೇತ (ಸೋರ್ಸ್ ಕೋಡ್) ಅದಾಗಲೇ ಬಹಿರಂಗವಾಗಿದ್ದುದರಿಂದ ಮರಿ ತಳಿಗಳು ಹುಟ್ಟುತ್ತಲೇ ಇವೆ.

ಮಿರಾಯ್ ಸಾಧನದ ತಾತ್ಕಾಲಿಕ ಸ್ಮೃತಿಯಲ್ಲಷ್ಟೇ ನೆಲೆಸುವುದರಿಂದ ಆಫ್ ಮಾಡಿದರೆ ಅಳಿಯುವುದು ನಿಜ. ಆದರೆ ಹಳೆಯ ಪಾಸ್‌ವರ್ಡೇ ಉಳಿದಿದ್ದರೆ ಕೆಲವೇ ನಿಮಿಷಗಳಲ್ಲಿ ಮತ್ತೆ ಅಂಟಿಕೊಳ್ಳಬಹುದು. ಆದ್ದರಿಂದ ಆನ್ ಮಾಡಿದೊಡನೆ ಪಾಸ್‌ವರ್ಡ್ ಬದಲಿಸಿ, ಫರ್ಮ್‌ವೇರ್ (ಸಾಧನದೊಳಗಿನ ತಂತ್ರಾಂಶ) ನವೀಕರಿಸಿ, ಟೆಲ್ನೆಟ್ ಮುಚ್ಚಿರಿ. ಪಾಸ್‌ವರ್ಡ್ ಬದಲಿಸಲು ಅವಕಾಶವೇ ಇಲ್ಲದ ಅಗ್ಗದ ಕ್ಯಾಮೆರಾ ಆಗಿದ್ದರೆ ಅದನ್ನು ಅಂತರಜಾಲದಿಂದ ಬಿಡಿಸಿಡುವುದೇ ಲೇಸು.